ಒಂದು ಅಗುಳು ಸಾಲದು

ಅನ್ನ ಬೆಂದಿದೆಯೆ ಎಂದು ತಿಳಿಯಲು ಅಡುಗೆ ಬಲ್ಲವರು ಪಾತ್ರೆಯನ್ನೆಲ್ಲ ಬರಿದು ಮಾಡಿ ನೋಡುವುದಿಲ್ಲ. ಸೌಟಿನ ತುದಿಯಲ್ಲಿ ಒಂದು ಅಗುಳನ್ನು ತೆಗೆದು ಎರಡು ಬೆರಳ ನಡುವೆ ಹಿಸುಕಿ ನೋಡುತ್ತಾರೆ. ಬೆಂದಿದ್ದರೆ ಒಲೆ ಆರಿಸುತ್ತಾರೆ. ಸಂಸ್ಕೃತದ ತಾರ್ಕಿಕರು ಇದಕ್ಕೆ ಸ್ಥಾಲೀಪುಲಾಕ ನ್ಯಾಯ ಎಂದು ಗೌರವದ ಹೆಸರನ್ನೇ ಇಟ್ಟರು. ಒಂದರಿಂದ ಎಲ್ಲವನ್ನೂ ಅರಿಯುವ ಈ ಉಪಾಯ ನಮ್ಮ ಬದುಕಿನಲ್ಲಿ ಎಷ್ಟು ಬೇರೂರಿದೆಯೆಂದರೆ, ಪಾತ್ರೆಯಲ್ಲಿರುವುದು ಅನ್ನವೋ ಅಲ್ಲವೋ ಎಂದು ಕೇಳಿಕೊಳ್ಳುವ ತಾಳ್ಮೆಯೂ ನಮಗಿರುವುದಿಲ್ಲ.

ನನಗೆ ಈ ಪ್ರಶ್ನೆ ಎದುರಾದದ್ದು ತರ್ಕಗ್ರಂಥದಲ್ಲಿ ಅಲ್ಲ, ಒಬ್ಬ ವಿದ್ಯಾರ್ಥಿಯ ಕನ್ನಡ ನೋಟುಬುಕ್ಕಿನ ಕೊನೆಯ ಪುಟದಲ್ಲಿ. ಪುಸ್ತಕ ತಿದ್ದುತ್ತ ಕುಳಿತಿದ್ದೆ. ಮುಂದಿನ ಪುಟಗಳಲ್ಲಿ ಹಳಗನ್ನಡ ವ್ಯಾಕರಣ ತಕ್ಕಮಟ್ಟಿಗೆ ಇತ್ತು. ಹಿಂದಿನ ಪುಟದಲ್ಲಿ ಮಾತ್ರ ಸಾಲುಸಾಲಾಗಿ ಗೀಟುಗಳು ಮತ್ತು ಸೊನ್ನೆಗಳು. ಛಂದಸ್ಸಿನ ಗುರುಲಘುವೆಂದು ಮೊದಲು ಸಂತೋಷಪಟ್ಟೆ. ಗಣ ವಿಂಗಡಿಸಲು ಹೊರಟರೆ ಯಾವ ವೃತ್ತಕ್ಕೂ ಹೊಂದಲೊಲ್ಲದು. ಹುಡುಗನನ್ನು ಕರೆದು, “ಏನಪ್ಪ ಇದು?” ಎಂದೆ.

“ವಾಟರ್ ಪೋಲೋ ಸಾರ್. ಗೀಟು ಅಂದರೆ ಗೋಲು, ಸೊನ್ನೆ ಅಂದರೆ ತಪ್ಪಿದ್ದು.”

ಒಂದು ವರ್ಷದಿಂದ ಅಭ್ಯಾಸದಲ್ಲಿ ತಾನು ಎಸೆದ ಪ್ರತಿಯೊಂದು ಚೆಂಡಿನ ಲೆಕ್ಕವನ್ನೂ ಅವನು ಅಲ್ಲಿ ಬರೆದಿಟ್ಟಿದ್ದ. ಗುರುತುಗಳು ಮುನ್ನೂರನ್ನು ಮೀರಿದ್ದವು. ಹೆಚ್ಚುಕಡಿಮೆ ಐದರಲ್ಲಿ ಎರಡು ಗೀಟು. ಆದರೆ ಹಿಂದಿನ ವಾರ ನಡೆದ ಆಯ್ಕೆಯಲ್ಲಿ ಅವನಿಗೆ ದೊರೆತದ್ದು ನಾಲ್ಕು ಎಸೆತ. ಗೋಲಾದದ್ದು ಒಂದು. “ನಿನಗೆ ಕೈ ಇಲ್ಲ ಅಂದುಬಿಟ್ಟರು ಸಾರ್” ಎಂದು ಹೇಳಿ ನೋಟುಬುಕ್ಕನ್ನು ತೆಗೆದುಕೊಂಡು ಹೋದ. ಆ ಮೇಲೆ ಅವನು ಈಜಲು ಹೋಗುವುದನ್ನೇ ಬಿಟ್ಟನೆಂದು ಅವನ ಗೆಳೆಯರಿಂದ ತಿಳಿಯಿತು.

ನಾನು ಕನ್ನಡದ ಮೇಷ್ಟ್ರು. ಈಜು ಬಾರದು, ಲೆಕ್ಕವಂತೂ ದೂರದ ನೆಂಟ. ಆದರೂ ಆ ಗೀಟು ಸೊನ್ನೆಗಳು ಮನಸ್ಸನ್ನು ಬಿಡಲಿಲ್ಲ. ನಾಲ್ಕು ಎಸೆತ ಹೇಳುವುದು ನಿಜವೋ, ಮುನ್ನೂರು ಎಸೆತ ಹೇಳುವುದು ನಿಜವೋ? ಸಂಖ್ಯಾಶಾಸ್ತ್ರ ಕಲಿಸುವ ಸಹೋದ್ಯೋಗಿಯೊಬ್ಬರನ್ನು ಹಿಡಿದು ಕುಳಿತೆ, ಪುಸ್ತಕಗಳನ್ನೂ ತಿರುವಿದೆ. ಅಲ್ಲಿ ತೆರೆದುಕೊಂಡದ್ದು ಒಂದು ಆಟದ ಕಥೆಯಷ್ಟೇ ಅಲ್ಲ, ಎಣಿಸಲು ಕಲಿತ ಮನುಷ್ಯ ಎಣಿಕೆಯಿಂದಲೇ ಮೋಸಹೋದ ಕಥೆಯೂ ಹೌದು.

*

ಮೊದಲು ಆಟದ ಮಾತು. ವಾಟರ್ ಪೋಲೋ ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನ ಕೂಸು. ನದಿಗಳಲ್ಲಿ, ಕೊಳಗಳಲ್ಲಿ ಜಾತ್ರೆಯ ಮೋಜಾಗಿ ನಡೆಯುತ್ತಿದ್ದ ಈ ಚೆಂಡಿನ ಜಗಳಕ್ಕೆ 1870ರ ದಶಕದಲ್ಲಿ ಗ್ಲಾಸ್ಗೋ ನಗರದ ವಿಲಿಯಂ ವಿಲ್ಸನ್ ಎಂಬಾತನು ನಿಯಮಗಳ ಚೌಕಟ್ಟನ್ನು ಹಾಕಿದನು. ಆಟ ಸ್ಕಾಟ್‌ಲೆಂಡಿನದಾದರೂ ಹೆಸರಿನ ಬೇರು ನಮ್ಮ ಕಡೆಯದು: ಹಿಮಾಲಯದಾಚೆಯ ಬಾಲ್ಟಿ ಭಾಷೆಯಲ್ಲಿ ‘ಪುಲು’ ಎಂದರೆ ಚೆಂಡು. ಕುದುರೆಯ ಮೇಲೆ ಕುಳಿತು ಆಡುವ ಪೋಲೋಗೂ ನೀರಿನಲ್ಲಿ ಆಡುವ ಪೋಲೋಗೂ ಹೆಸರಿನ ನಂಟಲ್ಲದೆ ಬೇರೆ ನಂಟು ಕಡಿಮೆ.

ನೋಡುವವರಿಗೆ ಸುಲಭವಾಗಿ ಕಾಣುವ ಈ ಆಟ ಆಡುವವರ ಜೀವ ಹಿಂಡುತ್ತದೆ. ಒಂದೊಂದು ಪಕ್ಷದಲ್ಲಿ ಗೋಲಿಯೂ ಸೇರಿ ಏಳು ಮಂದಿ. ತಳಕ್ಕೆ ಕಾಲೂರುವಂತಿಲ್ಲ. ಗೋಲಿಯನ್ನು ಬಿಟ್ಟು ಉಳಿದವರು ಚೆಂಡನ್ನು ಎರಡು ಕೈಯಲ್ಲಿ ಹಿಡಿಯುವಂತಿಲ್ಲ. ಮಜ್ಜಿಗೆ ಕಡೆಯುವ ಹಾಗೆ ಕಾಲುಗಳನ್ನು ನೀರಿನೊಳಗೆ ಬಿಡುವಿಲ್ಲದೆ ತಿರುಗಿಸುತ್ತ, ಸೊಂಟದವರೆಗೆ ಮೇಲೆದ್ದು, ಮೈಮೇಲೆ ಬಿದ್ದಿರುವ ಎದುರಾಳಿಯನ್ನು ತಡೆದು, ಒಂದೇ ಕೈಯಿಂದ ಚೆಂಡನ್ನು ಬೀಸಬೇಕು. ಗುರಿಯೋ ಮೂರು ಮೀಟರು ಅಗಲ, ನೀರಿನ ಮೇಲೆ ತೊಂಬತ್ತು ಸೆಂಟಿಮೀಟರು ಎತ್ತರದ ಬಾಗಿಲು. ಆ ಬಾಗಿಲಲ್ಲಿ ಕೈಗಳನ್ನು ಚಾಚಿ ನಿಂತ ಗೋಲಿ. ಹೀಗಿರುವಾಗ ಐದರಲ್ಲಿ ಎರಡು ಎಸೆತ ಒಳಗೆ ಹೋದರೆ ಅದು ಅಲ್ಪವಲ್ಲ.

1900ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಸ್ಥಾನ ದೊರೆಯಿತು. ಮಹಿಳೆಯರು ಮಾತ್ರ ಇನ್ನೂ ನೂರು ವರ್ಷ, 2000ದ ಸಿಡ್ನಿಯವರೆಗೆ, ಕಾಯಬೇಕಾಯಿತು. ಮೊದಮೊದಲು ಬ್ರಿಟಿಷರದೇ ಮೇಲುಗೈ. ಆಮೇಲೆ ಹಂಗೆರಿ ಎದ್ದಿತು. ಸಮುದ್ರವೇ ಇಲ್ಲದ ಆ ಸಣ್ಣ ದೇಶ 1932ರಿಂದ 2008ರವರೆಗೆ ಒಂಬತ್ತು ಒಲಿಂಪಿಕ್ ಚಿನ್ನಗಳನ್ನು ಗೆದ್ದಿತು. 1932 ಮತ್ತು 1936ರ ಚಿನ್ನದ ತಂಡಗಳಲ್ಲಿ ಒಲಿವೇರ್ ಹಲಾಸಿ ಎಂಬ ಆಟಗಾರನಿದ್ದನು. ಬಾಲ್ಯದಲ್ಲಿ ಟ್ರಾಮಿನ ಅಪಘಾತಕ್ಕೆ ಸಿಕ್ಕಿ ಅವನ ಒಂದು ಕಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಕಾಲಿನ ಬಲವೇ ಸರ್ವಸ್ವವಾದ ಆಟದಲ್ಲಿ ಒಂದು ಕಾಲಿನವನು! ಆಯ್ಕೆ ಮಾಡುವವರು ಕಾಲುಗಳನ್ನು ಎಣಿಸಿ ಮನೆಗೆ ಕಳುಹಿಸಿದ್ದರೆ ಹಂಗೆರಿಗೆ ಎಷ್ಟು ನಷ್ಟವಾಗುತ್ತಿತ್ತು!

ನಮ್ಮ ದೇಶವೂ ಈ ಕಥೆಯಲ್ಲಿ ಒಂದು ಗಳಿಗೆ ಬಂದು ಹೋಗಿದೆ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸಾದ 1948ರ ಲಂಡನ್ ಕೂಟದಲ್ಲಿ ನಮ್ಮ ವಾಟರ್ ಪೋಲೋ ತಂಡ ಚಿಲಿ ದೇಶವನ್ನು 7–4ರಿಂದ ಸೋಲಿಸಿತು. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಈ ಆಟದ ಚಿನ್ನ, ಸಿಂಗಪುರಕ್ಕೆ ಬೆಳ್ಳಿ. ಅದೇ ಕೂಟದಲ್ಲಿ ನೂರು ಮೀಟರು ಈಜಿನ ಚಿನ್ನ ಗೆದ್ದ ಸಚಿನ್ ನಾಗರು ಲಂಡನ್ನಿನ ವಾಟರ್ ಪೋಲೋ ತಂಡದಲ್ಲಿಯೂ ಇದ್ದವರು. ಇಂದು ಎಷ್ಟು ಮಂದಿಗೆ ಈ ಹೆಸರು ಗೊತ್ತು?

ಈ ಆಟವನ್ನು ಜಗತ್ತೆಲ್ಲ ನೆನಪಿಟ್ಟುಕೊಂಡಿರುವುದು ಮಾತ್ರ ಒಂದು ರಕ್ತಸಿಕ್ತ ದಿನಕ್ಕಾಗಿ. 1956ರ ಅಕ್ಟೋಬರಿನಲ್ಲಿ ಹಂಗೆರಿಯ ಜನ ದಂಗೆಯೆದ್ದರು. ನವೆಂಬರಿನಲ್ಲಿ ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟನ್ನು ತುಳಿದವು. ಡಿಸೆಂಬರ್ 6ರಂದು ಮೆಲ್ಬರ್ನಿನ ಕೊಳದಲ್ಲಿ ಆ ಎರಡು ದೇಶಗಳೇ ಎದುರಾದವು. ಎರಡು ಗೋಲು ಹಾಕಿದ್ದ ಎರ್ವಿನ್ ಜಾಡೋರನ ಮುಖಕ್ಕೆ ಆಟದ ಕೊನೆಯ ಹೊತ್ತಿನಲ್ಲಿ ರಷ್ಯದ ಪ್ರೊಕೊಪೊವನ ಏಟು ಬಿತ್ತು. ಕಣ್ಣಿನ ಬಳಿ ಹರಿದು ರಕ್ತ ಸುರಿಯಿತು. ಪ್ರೇಕ್ಷಕರು ರೊಚ್ಚಿಗೆದ್ದರು, ಆಟವನ್ನು ಅಲ್ಲಿಗೇ ನಿಲ್ಲಿಸಿ ಹಂಗೆರಿ 4–0ಯಿಂದ ಗೆದ್ದಿತೆಂದು ಸಾರಲಾಯಿತು. ಮುಂದೆ ಯುಗೋಸ್ಲಾವಿಯವನ್ನು 2–1ರಿಂದ ಸೋಲಿಸಿ ಹಂಗೆರಿ ಚಿನ್ನ ಪಡೆಯಿತು. ಜಾಡೋರ್ ಮರಳಿ ತಾಯ್ನಾಡಿಗೆ ಹೋಗಲಿಲ್ಲ. ಅಮೆರಿಕ ಸೇರಿ ಈಜು ಕಲಿಸುವ ಗುರುವಾದನು.

*

ಇಲ್ಲಿ ಲೆಕ್ಕದ ಮೊದಲ ಪಾಠವಿದೆ. 1956ರ ಆ ಪಂದ್ಯಗಳ ಗೋಲುಗಳನ್ನು ನೋಡಿ: 4–0, 2–1. ಈಚಿನ ಒಲಿಂಪಿಕ್ ಅಂತಿಮ ಪಂದ್ಯಗಳನ್ನು ನೋಡಿ: 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ ಸರ್ಬಿಯ ಗ್ರೀಸನ್ನು 13–10ರಿಂದ, 2024ರ ಪ್ಯಾರಿಸಿನಲ್ಲಿ ಕ್ರೊಯೇಷಿಯವನ್ನು 13–11ರಿಂದ ಗೆದ್ದಿತು. ಹಾಗಾದರೆ ಜಾಡೋರನ ಪೀಳಿಗೆಯವರಿಗೆ ಗುರಿಯೇ ಇರಲಿಲ್ಲವೆನ್ನೋಣವೆ? ಆಗ ಚೆಂಡನ್ನು ಇಷ್ಟು ಸೆಕೆಂಡಿನೊಳಗೆ ಎಸೆಯಲೇಬೇಕೆಂಬ ಕಟ್ಟಳೆ ಇರಲಿಲ್ಲ. ಆ ಕಟ್ಟಳೆ ಬಂದ ಮೇಲೆ ಅದು ಬಿಗಿಯಾಗುತ್ತಲೇ ಹೋಯಿತು. 2005ರಲ್ಲಿ ಮೂವತ್ತೈದು ಸೆಕೆಂಡು ಮೂವತ್ತಕ್ಕೆ ಇಳಿಯಿತು. ಅದೇ ವರ್ಷ ಪೆನಾಲ್ಟಿ ಎಸೆತದ ದೂರ ನಾಲ್ಕು ಮೀಟರಿನಿಂದ ಐದಕ್ಕೆ ಏರಿತು. ಆಟದ ಅವಧಿಯೂ ಕಾಲಕಾಲಕ್ಕೆ ಬದಲಾಗಿದೆ. ಗೋಲುಗಳ ಸಂಖ್ಯೆ ಒಂದೇ ನಮಗೆ ಏನನ್ನೂ ಹೇಳುವುದಿಲ್ಲ. ಎಷ್ಟು ಎಸೆತಕ್ಕೆ ಎಷ್ಟು ಗೋಲು ಎಂದು ಕೇಳಬೇಕು. ಅಂದರೆ ಎಣಿಸಿದರೆ ಸಾಲದು, ಭಾಗಿಸಬೇಕು.

ಇದು ಪ್ರಾಥಮಿಕ ಶಾಲೆಯ ಪಾಠವೆಂದು ವಾಚಕರು ನಗಬಹುದು. ಆದರೆ ಈ ಭಾಗಾಕಾರವನ್ನು ಮರೆತು ಒಂದು ದೇಶವೇ ಹಲವು ವರ್ಷ ದಾರಿ ತಪ್ಪಿದ ನಿದರ್ಶನವಿದೆ. ಆ ಕಥೆ ನೆಲದ ಮೇಲಿನ ಕಾಲ್ಚೆಂಡಿನದು. ಆದರೆ ಗೋಲಿನ ಲೆಕ್ಕಕ್ಕೆ ನೆಲವೂ ಒಂದೇ, ನೀರೂ ಒಂದೇ.

ಇಂಗ್ಲೆಂಡಿನ ವಾಯುಪಡೆಯಲ್ಲಿ ಚಾರ್ಲ್ಸ್ ರೀಪ್ ಎಂಬ ಅಧಿಕಾರಿಯಿದ್ದನು, ವೃತ್ತಿಯಿಂದ ಲೆಕ್ಕಪತ್ರದವನು. 1950ರ ಮಾರ್ಚ್ 18ರಂದು ಸ್ವಿಂಡನ್ ಪಟ್ಟಣದ ತಂಡ ಆಡುತ್ತಿದ್ದುದನ್ನು ನೋಡುತ್ತ ಬೇಸತ್ತು, ಅರ್ಧ ಆಟ ಮುಗಿದ ಮೇಲೆ ಜೇಬಿನಿಂದ ಪೆನ್ಸಿಲು ಮತ್ತು ಪುಸ್ತಕ ತೆಗೆದು ಪ್ರತಿಯೊಂದು ಚಲನೆಯನ್ನೂ ಗುರುತು ಹಾಕಿಕೊಳ್ಳತೊಡಗಿದನು. ಮುಂದೆ ಹಲವು ದಶಕ ಈ ಕೆಲಸವನ್ನು ಬಿಡಲಿಲ್ಲ. 1968ರಲ್ಲಿ ಬರ್ನಾರ್ಡ್ ಬೆಂಜಮಿನ್ ಎಂಬ ಸಂಖ್ಯಾಶಾಸ್ತ್ರಜ್ಞನೊಡನೆ ಅವನು ಬರೆದ ಲೇಖನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದಿತು. ಸುಮಾರು ಹತ್ತು ಹೊಡೆತಕ್ಕೆ ಒಂದು ಗೋಲು ಎಂಬುದು ಅವನು ಕಂಡ ಒಂದು ಸತ್ಯ. ಆಟದಲ್ಲಿ ಅದೃಷ್ಟದ ಪಾಲು ನಾವು ಎಣಿಸುವುದಕ್ಕಿಂತ ದೊಡ್ಡದು ಎಂಬುದು ಇನ್ನೊಂದು. ಇವೆರಡೂ ಬೆಲೆಯುಳ್ಳ ಮಾತುಗಳು.

ಆದರೆ ರೀಪ್ ಮೂರನೆಯ ಮಾತೊಂದನ್ನು ಹೇಳಿದನು. ಹೆಚ್ಚಿನ ಗೋಲುಗಳು ಮೂರು ಅಥವಾ ಅದಕ್ಕೂ ಕಡಿಮೆ ಪಾಸುಗಳ ಅನಂತರ ಬರುತ್ತವೆ; ಆದುದರಿಂದ ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಕೂರದೆ ದೂರಕ್ಕೆ ಒದ್ದುಬಿಡಿ ಎಂದನು. ಈ ಉಪದೇಶವನ್ನು ನಂಬಿದ ತರಬೇತುದಾರರು ಇಂಗ್ಲೆಂಡಿನಲ್ಲಿ ಬಹಳ ಮಂದಿ. ತಪ್ಪು ಎಲ್ಲಿ? ಆಟದ ಬಹುಪಾಲು ದಾಳಿಗಳೇ ಮೂರು ಪಾಸಿನೊಳಗೆ ಮುರಿದುಬೀಳುತ್ತವೆ. ಬೀದಿಯಲ್ಲಿ ಓಡಾಡುವವರಲ್ಲಿ ಹೆಚ್ಚಿನವರು ಚಪ್ಪಲಿ ಹಾಕಿದವರಾದರೆ ಎಡವಿ ಬೀಳುವವರಲ್ಲಿಯೂ ಚಪ್ಪಲಿ ಹಾಕಿದವರೇ ಹೆಚ್ಚಿರುತ್ತಾರೆ. ಅದು ಚಪ್ಪಲಿಯ ದೋಷವಲ್ಲ. 2005ರಲ್ಲಿ ಹ್ಯೂಸ್ ಮತ್ತು ಫ್ರ್ಯಾಂಕ್ಸ್ ಎಂಬಿಬ್ಬರು ವಿಶ್ವಕಪ್ ಪಂದ್ಯಗಳನ್ನು ತೆಗೆದುಕೊಂಡು, ಎಷ್ಟು ದಾಳಿಗೆ ಎಷ್ಟು ಗೋಲು ಎಂದು ಭಾಗಿಸಿ ನೋಡಿದರು. ಗೆಲ್ಲುವ ತಂಡಗಳಲ್ಲಿ ಉದ್ದನೆಯ ಪಾಸುಸರಣಿಯೇ ಹೆಚ್ಚು ಫಲ ಕೊಡುತ್ತಿತ್ತು. ಐವತ್ತು ವರ್ಷ ಶ್ರದ್ಧೆಯಿಂದ ಎಣಿಸಿದ ಮನುಷ್ಯ ಒಂದು ಭಾಗಾಕಾರ ಮರೆತು ಜಾರಿದ. ಅವನ ಶ್ರದ್ಧೆಗೆ ಕೈಮುಗಿಯಬೇಕು, ಅವನ ತೀರ್ಮಾನಕ್ಕೆ ಅಲ್ಲ.

*

ಇನ್ನು ಅಗುಳಿನ ಪ್ರಶ್ನೆ. ಭಾಗಿಸಿದ್ದೂ ಆಯಿತೆನ್ನಿ. ನಮ್ಮ ಹುಡುಗನದು ನಾಲ್ಕಕ್ಕೆ ಒಂದು, ಅಂದರೆ ನೂರಕ್ಕೆ ಇಪ್ಪತ್ತೈದು. ಮತ್ತೊಬ್ಬನದು ನಾಲ್ಕಕ್ಕೆ ಎರಡು, ಅಂದರೆ ನೂರಕ್ಕೆ ಐವತ್ತು. ಎರಡನೆಯವನು ಮೇಲು ಎನ್ನಲು ಅಡ್ಡಿಯೇನು?

ನನ್ನ ಸಹೋದ್ಯೋಗಿ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಒಬ್ಬನಿಗೆ ನಿಜವಾಗಿಯೂ ನೂರಕ್ಕೆ ನಲವತ್ತರ ಕೈ ಇದೆಯೆನ್ನೋಣ. ಪ್ರತಿಯೊಂದು ಎಸೆತವೂ ಹಿಂದಿನದರ ಹಂಗಿಲ್ಲದ್ದೆನ್ನೋಣ. ಅವನಿಗೆ ನಾಲ್ಕು ಎಸೆತ ಕೊಟ್ಟರೆ ನಾಲ್ಕೂ ತಪ್ಪುವ ಸಂಭವ ನೂರಕ್ಕೆ ಸುಮಾರು 13. ಒಂದೇ ಗೋಲಾಗುವ ಸಂಭವ ಸುಮಾರು 35. ಎರಡನ್ನೂ ಕೂಡಿಸಿದರೆ ನೂರಕ್ಕೆ ಹತ್ತಿರ ಹತ್ತಿರ 48! ಅಂದರೆ ಒಳ್ಳೆಯ ಆಟಗಾರನೊಬ್ಬ ಇಂಥ ಆಯ್ಕೆಯಲ್ಲಿ ‘ಕೈ ಇಲ್ಲದವನು’ ಎನಿಸಿಕೊಳ್ಳುವುದು ನಾಣ್ಯ ಚಿಮ್ಮಿದಷ್ಟೇ ಸುಲಭ. ಇನ್ನೊಂದು ಮಗ್ಗುಲೂ ಇದೆ. ನಿಜವಾಗಿ ನೂರಕ್ಕೆ ಇಪ್ಪತ್ತರ ಕೈಯುಳ್ಳ ದುರ್ಬಲನು ನಾಲ್ಕರಲ್ಲಿ ಎರಡೋ ಹೆಚ್ಚೋ ಗೋಲು ಹಾಕಿ ಭೇಷ್ ಎನಿಸಿಕೊಳ್ಳುವ ಸಂಭವ ನೂರಕ್ಕೆ 18.

“ನೋಡಿ ಮೇಷ್ಟ್ರೆ, ನಾಲ್ಕು ಎಸೆತದಿಂದ ನೀವು ಹುಡುಗನನ್ನು ಅಳೆಯುತ್ತಿಲ್ಲ. ಆ ದಿನದ ಗಾಳಿಯನ್ನು ಅಳೆಯುತ್ತಿದ್ದೀರಿ” ಎಂದರು ಅವರು.

ಈ ತಿಳಿವಳಿಕೆ ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ಯಾಕೋಬ್ ಬರ್ನೂಲಿಯ ಗ್ರಂಥ ಅವನು ತೀರಿಕೊಂಡು ಎಂಟು ವರ್ಷಗಳಾದ ಮೇಲೆ, 1713ರಲ್ಲಿ, ಅಚ್ಚಾಯಿತು. ಪ್ರಯತ್ನಗಳ ಸಂಖ್ಯೆ ಬೆಳೆದಂತೆಲ್ಲ ಕಂಡ ಪ್ರಮಾಣವು ನಿಜವಾದ ಪ್ರಮಾಣದ ಬಳಿಗೆ ಸರಿಯುತ್ತದೆ ಎಂದು ಅದರಲ್ಲಿ ಅವನು ಸಾಧಿಸಿ ತೋರಿಸಿದ್ದನು. ಎಷ್ಟು ವೇಗವಾಗಿ ಸರಿಯುತ್ತದೆ ಎಂಬುದನ್ನು 1733ರಲ್ಲಿ ದ ಮ್ವಾವ್ರ್ ಕಂಡುಹಿಡಿದನು. ಆ ವೇಗ ಬಹಳ ನಿಧಾನ: ಅನುಮಾನವನ್ನು ಅರ್ಧಕ್ಕೆ ಇಳಿಸಬೇಕಾದರೆ ನಾಲ್ಕರಷ್ಟು ಎಸೆತಗಳು ಬೇಕು. ನೂರು ಎಸೆತ ಎಸೆದರೂ ನಲವತ್ತರ ಕೈಯವನು ಮೂವತ್ತರಿಂದ ಐವತ್ತರವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು.

ಸ್ಥಾಲೀಪುಲಾಕ ನ್ಯಾಯ ಸುಳ್ಳೆಂದಲ್ಲ. ಪಾತ್ರೆಯ ನೀರು ಕುದಿದು ಎಲ್ಲ ಅಗುಳನ್ನೂ ಸಮನಾಗಿ ಬೇಯಿಸುವುದರಿಂದ ಒಂದು ಅಗುಳು ಉಳಿದವಕ್ಕೆ ಸಾಕ್ಷಿಯಾಗುತ್ತದೆ. ಮನುಷ್ಯನ ಎಸೆತಗಳು ಹಾಗೆ ಸಮನಾಗಿ ಬೆಂದವಲ್ಲ. ಒಂದು ಬೆಂದಿರುತ್ತದೆ, ಪಕ್ಕದ್ದು ಅಕ್ಕಿಯಾಗಿಯೇ ಇರುತ್ತದೆ. ಕ್ರಿಕೆಟ್ ಪ್ರಿಯರಾದ ವಾಚಕರಿಗೆ ಬೇರೆ ಉದಾಹರಣೆ ಬೇಡ. 1948ರ ಆಗಸ್ಟ್ 14ರಂದು, ಲಂಡನ್ ಒಲಿಂಪಿಕ್ಸಿಗೆ ತೆರೆಬಿದ್ದ ಅದೇ ದಿನ, ಅದೇ ಊರಿನ ಓವಲ್ ಮೈದಾನದಲ್ಲಿ ಡಾನ್ ಬ್ರಾಡ್ಮನ್ನನು ತನ್ನ ಕಡೆಯ ಟೆಸ್ಟಿನಲ್ಲಿ ಎರಡನೆಯ ಚೆಂಡಿಗೇ ಸೊನ್ನೆಗೆ ಔಟಾದನು. ಅವನ ಜೀವಮಾನದ ಸರಾಸರಿ 99.94. ಆ ಒಂದು ಇನ್ನಿಂಗ್ಸನ್ನೇ ಅಗುಳೆಂದು ಹಿಸುಕಿ ನೋಡಿದವನು ಏನೆಂದು ಬರೆದುಕೊಳ್ಳುತ್ತಿದ್ದ?

*

ಹಾಗಾದರೆ ಸಾವಿರ ಎಸೆತಗಳನ್ನು ಕೂಡಿಹಾಕಿದರೆ ಸತ್ಯ ದೊರೆಯುತ್ತದೆಯೆ? ಅದೂ ಇಲ್ಲ. ಎಸೆತ ಎಸೆತದಲ್ಲಿ ಭೇದವಿದೆ.

ವಾಟರ್ ಪೋಲೋದಲ್ಲಿ ತಪ್ಪು ಮಾಡಿದ ಆಟಗಾರನನ್ನು ಸ್ವಲ್ಪ ಹೊತ್ತು ಹೊರಗೆ ಕಳುಹಿಸುತ್ತಾರೆ. ಆಗ ದಾಳಿ ಮಾಡುವವರು ಆರು ಮಂದಿ, ಗೋಲಿಯನ್ನು ಬಿಟ್ಟು ತಡೆಯುವವರು ಐದು. ಆ ಹೊತ್ತಿನ ಎಸೆತ ಸುಲಭ. ಎಲ್ಲರೂ ಇರುವಾಗ ದೂರದಿಂದ ಬೀಸುವ ಎಸೆತ ಕಷ್ಟ. ಪೆನಾಲ್ಟಿ ಇವೆರಡಕ್ಕಿಂತಲೂ ಸುಲಭ. ಇದಕ್ಕಾಗಿಯೇ ದೊಡ್ಡ ಕೂಟಗಳ ಅಧಿಕೃತ ಲೆಕ್ಕಪಟ್ಟಿಗಳಲ್ಲಿ ಈ ಬಗೆಗಳನ್ನು ಬೇರೆ ಬೇರೆ ಕಾಲಂಗಳಲ್ಲಿ ಬರೆಯುತ್ತಾರೆ. ಹಾಗೆ ಬರೆಯದಿದ್ದರೆ ಏನಾಗುತ್ತದೆ?

ಕಲ್ಪನೆಯ ಇಬ್ಬರು ಆಟಗಾರರನ್ನು ತೆಗೆದುಕೊಳ್ಳೋಣ. ಭೀಮ, ನಕುಲ ಎನ್ನೋಣ. ಇಬ್ಬರೂ ಐವತ್ತೈವತ್ತು ಎಸೆತ ಎಸೆದಿದ್ದಾರೆ. ಭೀಮನಿಗೆ ಸುಲಭದ ಎಸೆತ ಸಿಕ್ಕಿದ್ದು ಹತ್ತು, ಗೋಲು ಆರು. ಕಷ್ಟದ್ದು ನಲವತ್ತು, ಗೋಲು ಹತ್ತು. ನಕುಲನಿಗೆ ಸುಲಭದ್ದು ನಲವತ್ತು, ಗೋಲು ಇಪ್ಪತ್ತೆರಡು. ಕಷ್ಟದ್ದು ಹತ್ತು, ಗೋಲು ಎರಡು. ಸುಲಭದ ಎಸೆತದಲ್ಲಿ ಭೀಮನದು ನೂರಕ್ಕೆ 60, ನಕುಲನದು 55. ಕಷ್ಟದಲ್ಲಿ ಭೀಮನದು 25, ನಕುಲನದು 20. ಎರಡರಲ್ಲಿಯೂ ಭೀಮನೇ ಮೇಲು. ಈಗ ಒಟ್ಟು ಕೂಡಿಸಿ: ಭೀಮನದು ಐವತ್ತಕ್ಕೆ ಹದಿನಾರು, ಅಂದರೆ ನೂರಕ್ಕೆ 32, ನಕುಲನದು ಐವತ್ತಕ್ಕೆ ಇಪ್ಪತ್ತನಾಲ್ಕು, ಅಂದರೆ ನೂರಕ್ಕೆ 48. ಬಿಡಿಬಿಡಿಯಾಗಿ ಗೆದ್ದವನು ಒಟ್ಟಿನಲ್ಲಿ ಸೋತನು! ತಂಡದ ಕಷ್ಟವನ್ನೆಲ್ಲ ಹೆಗಲಿಗೆ ಹಾಕಿಕೊಂಡದ್ದೇ ಭೀಮನ ಅಪರಾಧವಾಯಿತು.

ಈ ವಿಚಿತ್ರವನ್ನು 1903ರಲ್ಲಿಯೇ ಉಡ್ನಿ ಯೂಲ್ ಗುರುತಿಸಿದ್ದನು. 1951ರಲ್ಲಿ ಎಡ್ವರ್ಡ್ ಸಿಂಪ್ಸನ್ ಬಿಡಿಸಿ ಬರೆದ ಮೇಲೆ ಅವನ ಹೆಸರೇ ಇದಕ್ಕೆ ನಿಂತಿತು. 1973ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರವೇಶದ ಲೆಕ್ಕದಲ್ಲಿ ಹೆಂಗಸರಿಗೆ ಅನ್ಯಾಯವಾದಂತೆ ಕಂಡಿತು. ವಿಭಾಗವಾರು ಬಿಡಿಸಿ ನೋಡಿದಾಗ ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದು ಸೀಟು ದೊರೆಯುವುದೇ ಕಷ್ಟವಾದ ವಿಭಾಗಗಳಿಗೆ ಎಂದು ತಿಳಿಯಿತು.

*

ಇನ್ನೂ ಸೂಕ್ಷ್ಮವಾದ ಒಂದು ಮೋಸವಿದೆ: ಎಸೆಯದೇ ಉಳಿದ ಎಸೆತಗಳದು. ಈ ಪಾಠ ಕಲಿಸಿದವನು ಅಬ್ರಹಾಂ ವಾಲ್ಡ್. 1902ರಲ್ಲಿ, ಆಗ ಹಂಗೆರಿಗೆ ಸೇರಿದ್ದ ಕೊಲೋಜ್‌ವಾರ್ ನಗರದಲ್ಲಿ ಹುಟ್ಟಿದವನು. ಯೆಹೂದಿಯಾದುದರಿಂದ 1938ರಲ್ಲಿ ಯೂರೋಪನ್ನು ಬಿಟ್ಟು ಅಮೆರಿಕಕ್ಕೆ ಹೋದವನು. ಎರಡನೆಯ ಮಹಾಯುದ್ಧದಲ್ಲಿ, ಗುಂಡೇಟು ತಿಂದು ಮರಳಿದ ವಿಮಾನಗಳ ಯಾವ ಭಾಗಕ್ಕೆ ಹೆಚ್ಚು ರಕ್ಷಣೆ ಬೇಕು ಎಂಬ ಸಮಸ್ಯೆ ಅವನ ಬಳಿಗೆ ಬಂದಿತು. ತೂತು ಹೆಚ್ಚಿರುವ ಕಡೆ ಎಂದು ಯಾರಾದರೂ ಹೇಳಿಯಾರು. ವಾಲ್ಡನ ವಿಚಾರ ಬೇರೆ ದಾರಿ ಹಿಡಿಯಿತು. ನಮ್ಮ ಕಣ್ಣೆದುರಿಗಿರುವುದು ಮರಳಿ ಬಂದ ವಿಮಾನಗಳು ಮಾತ್ರ. ಯಾವ ಕಡೆ ಏಟು ಬಿದ್ದವು ಮರಳಿ ಬರಲೇ ಇಲ್ಲವೋ, ಆ ಕಡೆಯೇ ಪ್ರಾಣಸ್ಥಾನ. ಕಂಡದ್ದರಿಂದಲ್ಲ, ಕಾಣದಿರುವುದರಿಂದ ತಿಳಿಯಬೇಕು.

ನೀರಿನ ಆಟಕ್ಕೆ ಇದನ್ನು ಅನ್ವಯಿಸಿ. ಖಚಿತವಾದ ಅವಕಾಶ ಬಂದಾಗ ಮಾತ್ರ ಎಸೆದು, ಉಳಿದ ಹೊತ್ತೆಲ್ಲ ಚೆಂಡನ್ನು ಬೇರೆಯವರಿಗೆ ದಾಟಿಸಿ ಜಾರಿಕೊಳ್ಳುವವನ ಶೇಕಡವಾರು ಚೆನ್ನಾಗಿಯೇ ಇರುತ್ತದೆ. ಗಡುವು ಮುಗಿಯುವ ಕೊನೆಯ ಸೆಕೆಂಡಿನಲ್ಲಿ, ಬೇರೆ ದಾರಿಯಿಲ್ಲದೆ, ಇಬ್ಬರ ತೋಳುಗಳ ಮೇಲಿಂದ ಬೀಸುವವನ ಶೇಕಡವಾರು ಕೆಡುತ್ತದೆ. ಪಟ್ಟಿಯಲ್ಲಿ ಅಂಜುಬುರುಕನು ಮೇಲೆ, ಹೊಣೆ ಹೊತ್ತವನು ಕೆಳಗೆ.

ವಾಲ್ಡನ ಕಥೆ ನಮ್ಮ ನೆಲದಲ್ಲಿಯೇ ಮುಗಿದದ್ದು ದುಃಖದ ಸಂಗತಿ. ಉಪನ್ಯಾಸಗಳಿಗಾಗಿ ಭಾರತಕ್ಕೆ ಬಂದಿದ್ದಾಗ, 1950ರ ಡಿಸೆಂಬರ್ 13ರಂದು, ಅವನೂ ಅವನ ಹೆಂಡತಿಯೂ ಇದ್ದ ವಿಮಾನ ನೀಲಗಿರಿ ಬೆಟ್ಟಗಳಲ್ಲಿ ಬಿದ್ದಿತು. ಮರಳಿ ಬಾರದ ವಿಮಾನಗಳನ್ನು ಕುರಿತು ಯೋಚಿಸಿದವನು ತಾನೇ ಅಂಥದೊಂದರಲ್ಲಿ ಕಣ್ಮರೆಯಾದನು.

*

ಕೊನೆಗೆ ಕೈಗುಣದ ಮಾತು. ಎರಡು ಮೂರು ಎಸೆತ ಸಾಲಾಗಿ ಗೋಲಾದರೆ, ಇವತ್ತು ಕೈ ಕೂಡಿಬಂದಿದೆ, ಚೆಂಡನ್ನು ಅವನಿಗೇ ಕೊಡಿ ಎನ್ನುತ್ತೇವೆ. ಅಮೆರಿಕದ ಬ್ಯಾಸ್ಕೆಟ್‌ಬಾಲಿನವರು ಇದನ್ನು ‘ಬಿಸಿ ಕೈ’ ಎನ್ನುತ್ತಾರೆ. 1985ರಲ್ಲಿ ಗಿಲೋವಿಚ್, ವಲೋನ್, ಟ್ವರ್ಸ್ಕಿ ಎಂಬ ಮೂವರು ವಿದ್ವಾಂಸರು ಫಿಲಡೆಲ್ಫಿಯದ ತಂಡವೊಂದರ ಎಸೆತಗಳನ್ನು ಪರೀಕ್ಷಿಸಿ, ಇದು ಬರಿಯ ಭ್ರಮೆ, ಯದೃಚ್ಛೆಯಲ್ಲಿ ನಮ್ಮ ಕಣ್ಣು ಕಾಣುವ ಚಿತ್ರ ಎಂದರು. ಮೂವತ್ತು ವರ್ಷ ಇದೇ ಪಾಠವಾಗಿ ನಿಂತಿತು. ಆಟಗಾರರು ನಂಬಲಿಲ್ಲ; ಪಂಡಿತರು ಅವರನ್ನು ನೋಡಿ ನಕ್ಕರು.

ಆದರೆ ಪಂಡಿತರ ಲೆಕ್ಕದಲ್ಲಿಯೇ ಒಂದು ಬಿರುಕಿತ್ತು. 2018ರಲ್ಲಿ ಮಿಲ್ಲರ್ ಮತ್ತು ಸಾಂಹುರ್ಹೋ ಎಂಬಿಬ್ಬರು ಅದನ್ನು ಪ್ರಕಟಿಸಿದರು. ವಾಚಕರು ಒಂದು ನಾಣ್ಯದಿಂದ ತಾವೇ ಪರೀಕ್ಷಿಸಬಹುದು. ನಾಣ್ಯವನ್ನು ಮೂರು ಸಲ ಚಿಮ್ಮಿದರೆ ಎಂಟು ಬಗೆಯ ಫಲಗಳು. ಪ್ರತಿಯೊಂದರಲ್ಲಿಯೂ, ಹೆಡ್ಡು ಬಿದ್ದ ಮರುಸಲ ಮತ್ತೆ ಹೆಡ್ಡೇ ಬಿದ್ದ ಪ್ರಮಾಣ ಎಷ್ಟು ಎಂದು ಬರೆಯಿರಿ. ಎರಡು ಬಗೆಗಳಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಮೊದಲ ಎರಡು ಸಲ ಹೆಡ್ಡೇ ಇರುವುದಿಲ್ಲ. ಉಳಿದ ಆರರಲ್ಲಿ ಎರಡಕ್ಕೆ ಒಂದು, ಒಂದಕ್ಕೆ ಅರ್ಧ, ಮೂರಕ್ಕೆ ಸೊನ್ನೆ. ಕೂಡಿಸಿದರೆ ಎರಡೂವರೆ; ಆರರಿಂದ ಭಾಗಿಸಿದರೆ ಹನ್ನೆರಡರಲ್ಲಿ ಐದು. ಅರ್ಧ ಬರಬೇಕಾದಲ್ಲಿ ಅರ್ಧಕ್ಕಿಂತ ಕಡಿಮೆ! ಚಿಕ್ಕ ಸರಣಿಗಳನ್ನು ಹೀಗೆ ಸರಾಸರಿ ಮಾಡಿದರೆ ಕೈಗುಣವಿಲ್ಲದ ನಾಣ್ಯವೂ ತಣ್ಣಗಿರುವಂತೆ ತೋರುತ್ತದೆ. ಹಾಗಾದರೆ ಅರ್ಧದಷ್ಟು ತೋರುವ ಆಟಗಾರನ ಕೈ ಸ್ವಲ್ಪ ಬಿಸಿಯಾಗಿಯೇ ಇರಬೇಕು. ಹಳೆಯ ಲೆಕ್ಕವನ್ನು ತಿದ್ದಿದಾಗ ಆಟಗಾರರ ನಂಬಿಕೆ ಪೂರ್ತಿ ಹುಸಿಯಲ್ಲವೆಂದು ಕಂಡಿತು. ಲೆಕ್ಕ ಬಾರದವರನ್ನು ನೋಡಿ ಲೆಕ್ಕ ಬಲ್ಲವರು ನಗುವ ಮೊದಲು ಇನ್ನೊಮ್ಮೆ ಕೂಡಿ ನೋಡುವುದು ಒಳ್ಳೆಯದು.

*

ಮಹಾಭಾರತದ ವನಪರ್ವದಲ್ಲಿ, ಬಾಹುಕನ ವೇಷದಲ್ಲಿದ್ದ ನಳನು ರಥ ಓಡಿಸುತ್ತಿರುವಾಗ, ಋತುಪರ್ಣ ರಾಜನು ಒಂದು ತಾರೆಯ ಮರವನ್ನು ನೋಡಿ ಅದರ ಎಲೆಗಳಿಷ್ಟು, ಕಾಯಿಗಳಿಷ್ಟು ಎಂದು ಹೇಳಿಬಿಡುತ್ತಾನೆ. ನಳನು ಹಾಗೆಯೇ ನಂಬಲಿಲ್ಲ, ತಿರಸ್ಕರಿಸಲೂ ಇಲ್ಲ. ರಥ ನಿಲ್ಲಿಸಿ, ಹೊತ್ತಾಗುತ್ತದೆಂದು ರಾಜನು ಅವಸರಪಡಿಸುತ್ತಿದ್ದರೂ ಕೇಳದೆ, ಇಳಿದು ಎಣಿಸಿದನು. ಎಣಿಸಿ ಸರಿಯೆಂದು ಕಂಡ ಮೇಲೆ ಆ ವಿದ್ಯೆಯನ್ನು ಬೇಡಿ ಪಡೆದನು. ಜೂಜಿನಲ್ಲಿ ರಾಜ್ಯ ಕಳೆದುಕೊಂಡವನಿಗೆ ಅದರಿಂದಲೇ ರಾಜ್ಯ ಮರಳಿತು. ಈ ಕಥೆಯನ್ನು ಎಷ್ಟೋ ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ರಥ ನಿಲ್ಲಿಸಿ ಇಳಿದದ್ದೇ ಅದರ ತಿರುಳೆಂದು ಈಗ ತೋರುತ್ತದೆ.

ಆಯ್ಕೆ ಮಾಡಿದವರನ್ನು ದೂರುವುದಕ್ಕೆ ನನಗೆ ನಾಲಗೆ ಬರುವುದಿಲ್ಲ. ಅವರಿಗೆ ಹುಡುಗರು ಬಹಳ, ಹೊತ್ತು ಸ್ವಲ್ಪ. ನನ್ನ ಗತಿಯೂ ಅದೇ ಅಲ್ಲವೆ? ಮೂರು ಗಂಟೆಯ ಒಂದು ಪರೀಕ್ಷೆ, ನಾಲ್ಕೈದು ಪ್ರಶ್ನೆ, ಅದರ ಮೇಲೆ ಒಬ್ಬ ಹುಡುಗನಿಗೆ ಕನ್ನಡ ಬರುತ್ತದೆ, ಇನ್ನೊಬ್ಬನಿಗೆ ಬಾರದು ಎಂದು ಬರೆದು ಸಹಿ ಹಾಕುತ್ತೇನೆ. ಎಷ್ಟು ಮಂದಿಯನ್ನು ಹೀಗೆ ಒಂದೇ ಅಗುಳು ಹಿಸುಕಿ ಕೆಳಗಿಟ್ಟಿದ್ದೇನೋ! ಅವರಲ್ಲಿ ಯಾರೂ ನೋಟುಬುಕ್ಕಿನ ಕೊನೆಯ ಪುಟವನ್ನು ನನಗೆ ತೋರಿಸಲಿಲ್ಲ.

ಆ ಹುಡುಗನನ್ನು ಕರೆಸಿ, ಸಹೋದ್ಯೋಗಿ ಹಾಕಿಕೊಟ್ಟ ಲೆಕ್ಕದ ಕಾಗದವನ್ನು ಅವನ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದ. “ಹಾಗಾದರೆ ನನಗೆ ಕೈ ಇದೆಯಾ ಸಾರ್?” ಎಂದು ಕೇಳಿದ.

ಇದೆ ಎಂದುಬಿಡುವುದು ಸುಲಭವಾಗಿತ್ತು. ಆದರೆ ಅವನ ಗೀಟುಗಳು ಅಭ್ಯಾಸದವು, ಪಂದ್ಯದವಲ್ಲ. ಸುಲಭದ್ದು ಯಾವುದು, ಕಷ್ಟದ್ದು ಯಾವುದು ಎಂದು ಅವನು ಬೇರೆ ಮಾಡಿರಲಿಲ್ಲ. “ಇಲ್ಲ ಎಂದು ಹೇಳುವ ಹಕ್ಕು ಆ ನಾಲ್ಕು ಎಸೆತಕ್ಕೆ ಇಲ್ಲ, ಅಷ್ಟು ಮಾತ್ರ ನಿಜ. ಉಳಿದದ್ದನ್ನು ನೀನೇ ಎಣಿಸಿ ತೋರಿಸಬೇಕಪ್ಪ” ಎಂದೆ.

ಮೊನ್ನೆ ಮತ್ತೆ ನೋಟುಬುಕ್ಕುಗಳು ಬಂದವು. ಅವನ ಪುಸ್ತಕವನ್ನು ಹಿಂದಿನಿಂದಲೇ ತೆರೆದೆ. ಹೊಸ ಪುಟ. ಈಗ ಅಲ್ಲಿ ಒಂದರ ಬದಲು ಮೂರು ಕಾಲಂಗಳಿದ್ದವು.